ಬ್ಯಾಲೆಯ ಹೆಜ್ಜೆಗಳೂ ಅವುಗಳ ಫ್ರೆಂಚ್ ಹೆಸರುಗಳೂ

ಕಳೆದ ಬೇಸಗೆಯಲ್ಲಿ ಒಂದು ಸಂಜೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಮಾಟುಂಗದಲ್ಲಿ ಮೂರನೆಯ ಮಹಡಿಯ ಮನೆ. ಅವರ ಹತ್ತು ವರ್ಷದ ಮೊಮ್ಮಗಳು ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಮೊಣಕಾಲು ಬಗ್ಗಿಸುತ್ತ, ಪಾದ ಚಾಚುತ್ತ, ಮಂತ್ರ ಹೇಳುವಂತೆ ಏನನ್ನೋ ಮಣಮಣ ಹೇಳಿಕೊಳ್ಳುತ್ತಿದ್ದಳು. ಮಗುವನ್ನು ಬ್ಯಾಲೆ ತರಗತಿಗೆ ಸೇರಿಸಿ ಆರು ತಿಂಗಳಾಗಿತ್ತಂತೆ. ತುಮಕೂರಿನ ಕಡೆಯವರಾದ ಅಜ್ಜಿ ನಮ್ಮ ಮುಂದೆ ತಮ್ಮ ಸಂಕಟ ತೋಡಿಕೊಂಡರು. “ಜತೆ, ಜತೆ ಅಂತಾಳೆ. ಯಾರ ಜತೆಯೇ ಅಂದರೆ ನಗ್ತಾಳೆ. ಆಮೇಲೆ ರೈಲ್ವೆ ಅಂತ ತುದಿಗಾಲಲ್ಲಿ ನಿಲ್ತಾಳೆ. ಕೊನೇಗೆ ಪಾದಶಾ ಅಂತ ಕುಪ್ಪಳಿಸ್ತಾಳೆ. ನೀವು ಓದಿದೋರು, ಇದೇನು ಅಂತ ಸ್ವಲ್ಪ ಹೇಳಿ.”

ಮಗು ತಿದ್ದಿತು: ಜತೆಯಲ್ಲ, ಜೆತೆ, ರೈಲ್ವೆಯಲ್ಲ, ರೆಲ್ವೆ, ಪಾದಶಾ ಅಲ್ಲ, ಪಾ ದ ಶಾ. “ಹಾಗೆಂದರೆ ಅರ್ಥವೇನಮ್ಮ?” ಎಂದು ನಾವು ಕೇಳಿದೆವು. “ಅರ್ಥ ಗೊತ್ತಿಲ್ಲ ಮಾಮ, ಸ್ಟೆಪ್ ಗೊತ್ತು” ಎಂದಳು.

ಆ ಉತ್ತರ ನಮ್ಮನ್ನು ಹಲವು ದಿನ ಕಾಡಿತು. ಇಟಲಿಯಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು, ರಷ್ಯದಲ್ಲಿ ಪ್ರೌಢವಾಗಿ, ಈಗ ಟೋಕಿಯೋದಿಂದ ಹವಾನಾದವರೆಗೆ ನಡೆಯುತ್ತಿರುವ ಈ ಕಲೆ ಎಲ್ಲ ಕಡೆಯೂ ಫ್ರೆಂಚಿನಲ್ಲಿಯೇ ಮಾತಾಡುವುದೇಕೆ? ಆ ಮಾತುಗಳು ನಿಜವಾಗಿ ಏನು ಹೇಳುತ್ತವೆ? ಮಗುವಿಗೂ ಅಜ್ಜಿಗೂ ಹೇಳಬೇಕೆಂದು ಹುಡುಕಿ ಕೂಡಿಸಿದ್ದನ್ನೇ ಈ ಸಂಚಿಕೆಯ ವಾಚಕರ ಮುಂದೆ ಇಡುತ್ತಿದ್ದೇವೆ.

ಬ್ಯಾಲೆ ಎಂಬ ಹೆಸರಿನ ಮೂಲವೇ ಇಟಲಿಯ ‘ಬಾಲೆತ್ತೋ’, ಅಂದರೆ ಪುಟ್ಟ ಕುಣಿತ. ಹದಿನೈದನೆಯ ಶತಮಾನದಲ್ಲಿ ಇಟಲಿಯ ದೊರೆಗಳ ಆಸ್ಥಾನಗಳಲ್ಲಿ ಔತಣಗಳ ನಡುವೆ, ಮದುವೆಗಳ ಹೊತ್ತಿನಲ್ಲಿ ಸರದಾರರೂ ಅವರ ಹೆಂಗಸರೂ ಸೇರಿ ನಡೆಸುತ್ತಿದ್ದ ಕ್ರಮಬದ್ಧವಾದ ನಡಿಗೆಯ ಕುಣಿತ ಅದು. ಫ್ಲಾರೆನ್ಸಿನ ಮೆದಿಚಿ ಮನೆತನದ ಕ್ಯಾಥರೀನಳು ೧೫೩೩ರಲ್ಲಿ ಫ್ರಾನ್ಸಿನ ರಾಜಕುಮಾರನನ್ನು ಮದುವೆಯಾಗಿ ಬಂದ ಮೇಲೆ ಇಟಲಿಯ ಈ ವಿನೋದಗಳಿಗೆ ಫ್ರೆಂಚ್ ಅರಮನೆಯಲ್ಲಿ ಆದರ ಹೆಚ್ಚಿತು. ೧೫೮೧ರಲ್ಲಿ ರಾಣಿಯ ತಂಗಿಯ ಮದುವೆಗೆಂದು ಪ್ಯಾರಿಸಿನಲ್ಲಿ ನಡೆದ ‘ಬಾಲೆ ಕೊಮಿಕ್ ದ ಲಾ ರೆನ್’ ಎಂಬ ಪ್ರದರ್ಶನ ರಾತ್ರಿ ಹತ್ತಕ್ಕೆ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯಿತು. ನಮ್ಮ ಬಯಲಾಟಕ್ಕೆ ಇದೇನು ದೊಡ್ಡದಲ್ಲ ಎಂದು ವಾಚಕರು ಅನ್ನಬಹುದು. ಆದರೆ ಯೂರೋಪಿನವರು ಅದನ್ನು ಬ್ಯಾಲೆಯ ಮೊದಲ ಮೈಲಿಗಲ್ಲಿನಂತೆ ಎಣಿಸುತ್ತಾರೆ. ಅದನ್ನು ಕಟ್ಟಿದವನು ಬೋಜ್ವಾಯೋ ಎಂಬ ಪಿಟೀಲು ವಾದಕ. ಹೆಸರು ಫ್ರೆಂಚ್, ಮನುಷ್ಯ ಮಾತ್ರ ಇಟಲಿಯವನು. ಹುಟ್ಟುಹೆಸರನ್ನು ಫ್ರೆಂಚರ ನಾಲಗೆಗೆ ಒಗ್ಗುವಂತೆ ತಿದ್ದಿಕೊಂಡಿದ್ದ. ಹೆಜ್ಜೆಗಳ ಹೆಸರಿಗೂ ಮುಂದೆ ಇದೇ ಗತಿಯಾಯಿತು.

ಆ ಕಾಲದ ಹೆಜ್ಜೆಗಳನ್ನು ಕುರಿತು ಲಾಂಗ್ರ್ ಎಂಬ ಊರಿನ ಒಬ್ಬ ಪಾದ್ರಿ ಒಂದು ಸೊಗಸಾದ ಪುಸ್ತಕ ಬರೆದಿದ್ದಾನೆ. ಜೆಹಾನ್ ತಾಬೂರೊ ಎಂಬ ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ತ್ವಾನೊ ಆರ್ಬೋ ಎಂದು ಕರೆದುಕೊಂಡು ೧೫೮೯ರಲ್ಲಿ ‘ಆರ್ಕೆಸೊಗ್ರಾಫಿ’ಯನ್ನು ಪ್ರಕಟಿಸಿದ. ಗುರುಶಿಷ್ಯ ಸಂವಾದದ ರೂಪದ ಗ್ರಂಥ. ಕಾಲನ್ನು ಪಕ್ಕಕ್ಕೆ ಝಾಡಿಸುವ ಒಂದು ಚಲನೆಗೆ ಅದರಲ್ಲಿರುವ ಹೆಸರು ‘ಹಸುವಿನ ಒದೆ’. ಕುದುರೆ ಹಿಂದಕ್ಕೆ ಒದೆಯುತ್ತದೆ, ಹಸು ಪಕ್ಕಕ್ಕೆ ಒದೆಯುತ್ತದೆ. ಆದ್ದರಿಂದ ಆ ಹೆಸರು. ಅರಮನೆಯ ಕುಣಿತಕ್ಕೆ ಕೊಟ್ಟಿಗೆಯಿಂದ ಹೆಸರು ತರಲು ಪಾದ್ರಿಗೆ ಸಂಕೋಚವಾಗಲಿಲ್ಲ. ಮುಂದೆ ಬರುವುದನ್ನು ತಿಳಿಯಲು ವಾಚಕರು ಈ ಹಸುವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹದಿನಾಲ್ಕನೆಯ ಲೂಯಿಯ ಕಾಲಕ್ಕೆ ವಿನೋದವಾಗಿದ್ದದ್ದು ಶಾಸ್ತ್ರವಾಯಿತು. ಈ ದೊರೆ ತಾನೇ ನರ್ತಕ. ೧೬೫೩ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, ‘ಬಾಲೆ ದ ಲಾ ನ್ಯುಯಿ’ ಎಂಬ ರಾತ್ರಿಯಿಡೀ ನಡೆಯುವ ಬ್ಯಾಲೆಯ ಕೊನೆಯಲ್ಲಿ ಉದಯಸೂರ್ಯನ ವೇಷ ತೊಟ್ಟು ಬಂದ. ‘ಸೂರ್ಯರಾಜ’ ಎಂಬ ಬಿರುದು ಅಲ್ಲಿಂದ ಅವನಿಗೆ ಅಂಟಿಕೊಂಡಿತು. ೧೬೬೧ರಲ್ಲಿ ಹದಿಮೂರು ಮಂದಿ ನೃತ್ಯಾಚಾರ್ಯರನ್ನು ಕೂಡಿಸಿ ರಾಜನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದ. ಕುಣಿತದ ಹೆಜ್ಜೆ ಹೇಗಿರಬೇಕು, ಯಾವುದು ಶುದ್ಧ, ಯಾವುದು ಅಶುದ್ಧ ಎಂಬುದನ್ನು ಸರ್ಕಾರದ ಮೊಹರು ಹಾಕಿ ನಿರ್ಣಯಿಸುವ ಏರ್ಪಾಡು ಇದು. ದೊರೆಗೆ ನೃತ್ಯ ಕಲಿಸುತ್ತಿದ್ದ ಪಿಯೆರ್ ಬೋಶಾಂ ಎಂಬವನು ಪಾದಗಳನ್ನು ಇಡುವ ಐದು ಸ್ಥಾನಗಳನ್ನು ಗೊತ್ತುಮಾಡಿದ. ಇಂದಿಗೂ ಬ್ಯಾಲೆಯ ಪ್ರತಿಯೊಂದು ಹೆಜ್ಜೆಯೂ ಈ ಐದರಲ್ಲಿ ಒಂದರಿಂದ ಹೊರಟು ಒಂದಕ್ಕೆ ಬಂದು ನಿಲ್ಲಬೇಕು.

ಅವು ಯಾವುವೆಂದರೆ: ಎರಡು ಹಿಮ್ಮಡಿ ಕೂಡಿಸಿ ಬೆರಳುಗಳನ್ನು ಎರಡು ಕಡೆಗೆ ತಿರುಗಿಸಿದರೆ ಮೊದಲನೆಯದು. ಹಾಗೆಯೇ ನಡುವೆ ಒಂದು ಪಾದದಷ್ಟು ತೆರವು ಬಿಟ್ಟರೆ ಎರಡನೆಯದು. ಒಂದು ಹಿಮ್ಮಡಿ ಇನ್ನೊಂದು ಪಾದದ ನಡುಭಾಗಕ್ಕೆ ತಾಗಿದರೆ ಮೂರನೆಯದು. ಒಂದು ಪಾದವನ್ನು ಇನ್ನೊಂದರ ಮುಂದೆ ತೆರವು ಬಿಟ್ಟು ಇಟ್ಟರೆ ನಾಲ್ಕನೆಯದು. ಒಂದರ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ಮುಟ್ಟುವಂತೆ ಎರಡನ್ನೂ ಒತ್ತಿ ಜೋಡಿಸಿದರೆ ಐದನೆಯದು. ಇದು ಎಲ್ಲಕ್ಕಿಂತ ಕಷ್ಟ. ಎಲ್ಲದರಲ್ಲಿಯೂ ಕಾಲು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿರಬೇಕು, ಮೊಣಕಾಲಿನಿಂದ ಅಲ್ಲ. ನಮ್ಮ ಭರತನಾಟ್ಯದ ಅರಮಂಡಿಯನ್ನು ಕಂಡವರಿಗೆ ಇದು ಹೊಸದೆನಿಸದು. ಮೊದಲನೆಯ ಸ್ಥಾನದಲ್ಲಿ ನಿಂತು ಮಂಡಿಯನ್ನು ಅರ್ಧ ಬಗ್ಗಿಸಿದರೆ ಹತ್ತಿರ ಹತ್ತಿರ ಅರಮಂಡಿಯೇ ಆಯಿತು. ವ್ಯತ್ಯಾಸವಿರುವುದು ಮುಂದಿನ ಉದ್ದೇಶದಲ್ಲಿ. ನಮ್ಮ ನರ್ತಕಿ ಅರಮಂಡಿಯಲ್ಲಿ ನೆಲೆಸಿ ನೆಲವನ್ನು ಮಾತಾಡಿಸುತ್ತಾಳೆ. ಬ್ಯಾಲೆಯವಳು ಬಗ್ಗುವುದೇ ನೆಲವನ್ನು ಬಿಟ್ಟು ಏಳುವುದಕ್ಕೆ.

ಅಕಾಡೆಮಿ ಇದ್ದಮಾತ್ರಕ್ಕೆ ಫ್ರೆಂಚ್ ಹೆಸರುಗಳು ಜಗತ್ತನ್ನು ಸುತ್ತುತ್ತಿರಲಿಲ್ಲವೆಂದು ನಮ್ಮ ಎಣಿಕೆ. ಸುತ್ತಿಸಿದ್ದು ಅಚ್ಚಿನ ಮೊಳೆ. ೧೭೦೦ರಲ್ಲಿ ರಾವುಲ್ ಓಜೆ ಫೋಯೆ ಎಂಬ ನೃತ್ಯಶಿಕ್ಷಕ ‘ಕೊರೆಗ್ರಾಫಿ’ ಎಂಬ ಪುಸ್ತಕವನ್ನು ಹೊರತಂದ. ಕುಣಿಯುವವನು ನೆಲದ ಮೇಲೆ ಸಾಗುವ ದಾರಿಯನ್ನು ಒಂದು ಗೆರೆಯಾಗಿ ಬರೆದು, ಆ ಗೆರೆಯ ಎಡಬಲಕ್ಕೆ ಬಗ್ಗುವುದಕ್ಕೊಂದು, ಏಳುವುದಕ್ಕೊಂದು, ಜಾರುವುದಕ್ಕೊಂದು, ಹಾರುವುದಕ್ಕೊಂದು, ತಿರುಗುವುದಕ್ಕೊಂದು ಗುರುತು ಹಾಕುವ ಲಿಪಿ ಅದರಲ್ಲಿತ್ತು. ಬೋಶಾಂ ಸಿಟ್ಟಾದ. ಆ ಲಿಪಿ ತನ್ನದು, ದೊರೆಯ ಅಪ್ಪಣೆಯಂತೆ ತಾನು ಎಷ್ಟೋ ಮೊದಲೇ ಮಾಡಿದ್ದು ಎಂದು ೧೭೦೪ರಲ್ಲಿ ದೂರು ಕೊಟ್ಟ. ಫಲವಾಗಲಿಲ್ಲ. ಮಾಡಿದವನಿಗಿಂತ ಅಚ್ಚು ಹಾಕಿಸಿದವನಿಗೆ ಹೆಸರು ಬಂತು. ೧೭೦೬ರಲ್ಲಿ ಲಂಡನ್ನಿನ ಜಾನ್ ವೀವರ್ ಅದನ್ನು ಇಂಗ್ಲಿಷಿಗೆ ತಂದ. ಇಂಗ್ಲಿಷರು ಆಗ ತಮ್ಮದೇ ಮಾತುಗಳನ್ನು ಬಳಸಲು ನೋಡಿದ್ದುಂಟು. ಬಗ್ಗುವುದಕ್ಕೆ ‘ಸಿಂಕ್’, ಏಳುವುದಕ್ಕೆ ‘ರೈಸ್’ ಎಂದು ಅಲ್ಲಿಯ ಶಿಕ್ಷಕರು ಬರೆದರು. ಅವು ನಿಲ್ಲಲಿಲ್ಲ, ಇಂದು ಲಂಡನ್ನಿನ ಮಗುವೂ ಫ್ರೆಂಚಿನಲ್ಲಿಯೇ ಬಗ್ಗುತ್ತದೆ.

ಇನ್ನು ಹೆಸರುಗಳಿಗೆ ಬರೋಣ. ತರಗತಿ ಆರಂಭವಾಗುವುದು ಗೋಡೆಗೆ ಕೂಡಿಸಿದ ಮರದ ಅಡ್ಡಕಂಬಿಯ ಬಳಿ. ಮಾಟುಂಗದ ಮಗು ಕಿಟಕಿಯ ಸರಳನ್ನು ಹಿಡಿದದ್ದು ಅದಕ್ಕೆ ಬದಲಾಗಿ. ಮೊದಲು ಪ್ಲಿಯೆ: ಬಗ್ಗಿದ್ದು. ಆಮೇಲೆ ತಾಂದ್ಯು: ಚಾಚಿದ್ದು; ಬೆರಳ ತುದಿ ನೆಲ ಬಿಡದಂತೆ ಪಾದವನ್ನು ಸೆಳೆದು ಬಿಗಿಯುವುದು. ದೆಗಾಜೆ: ಬಿಡಿಸಿದ್ದು; ಅದೇ ಚಾಚುವಿಕೆಯಲ್ಲಿ ಬೆರಳು ನೆಲದಿಂದ ಬಿಡಿಸಿಕೊಳ್ಳುತ್ತದೆ. ರೋಂ ದ ಜಾಂಬ್: ಕಾಲಿನಿಂದ ಬರೆದ ವೃತ್ತ. ಫ್ರಾಪೆ: ತಟ್ಟಿದ್ದು. ದೆವೆಲೋಪೆ: ಮಡಿಚಿದ್ದನ್ನು ಬಿಚ್ಚಿದ್ದು. ಗ್ರಾಂ ಬಾತ್‌ಮಾಂ: ದೊಡ್ಡ ಬಡಿತ, ನೆಟ್ಟಗಿನ ಕಾಲನ್ನು ಸೊಂಟದಿಂದ ಮೇಲಕ್ಕೆ ಬೀಸುವುದು. ಅಜ್ಜಿ ರೈಲ್ವೆ ಎಂದುಕೊಂಡ ರೆಲ್ವೆ ಎಂದರೆ ಎತ್ತಿದ್ದು. ಹಿಮ್ಮಡಿಯನ್ನು ನೆಲದಿಂದ ಎತ್ತಿ ಮುಂಗಾಲಿನ ಮೇಲೆ ನಿಲ್ಲುವುದು. ಜೆತೆ ಎಂದರೆ ಎಸೆದದ್ದು: ಒಂದು ಕಾಲನ್ನು ಎಸೆದು, ಅದರ ಹಿಂದೆ ಮೈಯೂ ಹಾರಿ, ಎಸೆದ ಕಾಲಿನ ಮೇಲೆ ಇಳಿಯುವುದು. ಒಂದು ಕಾಲಿನಿಂದ ಹಾರಿ ಎರಡೂ ಕಾಲನ್ನು ಕೂಡಿಸಿ ಇಳಿದರೆ ಅಸಾಂಬ್ಲೆ, ಅಂದರೆ ಕೂಡಿಸಿದ್ದು. ಗ್ಲಿಸಾದ್ ಎಂದರೆ ಜಾರಿಕೆ.

ಇವುಗಳಲ್ಲಿ ಹೆಚ್ಚಿನವು ಭೂತಕೃದಂತಗಳೆಂಬುದನ್ನು ಬಲ್ಲವರು ಗಮನಿಸಿರಬಹುದು. ನಮ್ಮ ಅಡುಗೆಮನೆಯಲ್ಲಿ ಹುರಿದದ್ದು, ಬೇಯಿಸಿದ್ದು ಎನ್ನುವ ಹಾಗೆ. ಹೋಲಿಕೆ ಬರಿಯ ಚಮತ್ಕಾರವಲ್ಲ. ಹಾರುವುದಕ್ಕೆ ಬ್ಯಾಲೆಯಲ್ಲಿ ಸೋತೆ ಎನ್ನುತ್ತಾರೆ. ಮುಂಬಯಿಯ ದೊಡ್ಡ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ತರಕಾರಿಗೆ ಅಂಟಿಕೊಂಡು ಬರುವ ಮಾತೂ ಅದೇ. ಬಾಣಲೆಯಲ್ಲಿ ಹಾರಿಸಿ ಹುರಿದದ್ದು ಎಂದು ಅರ್ಥ. ಕರಗಿಸಿದ ಗಿಣ್ಣಿನ ತಿನಿಸಿಗೆ ಫೋಂದ್ಯು ಎಂಬ ಹೆಸರಿದೆ. ಒಂಟಿಕಾಲಿನಲ್ಲಿ ನಿಂತು ಆ ಮಂಡಿಯನ್ನು ನಿಧಾನವಾಗಿ ಬಗ್ಗಿಸುವ ಅಭ್ಯಾಸಕ್ಕೂ ಫೋಂದ್ಯು ಎಂದೇ ಹೆಸರು. ಎರಡೂ ಕರಗಿದ್ದೇ. ಪ್ಯಾರಿಸಿನ ಮಗುವಿಗೆ ಬ್ಯಾಲೆ ತರಗತಿಯಲ್ಲಿ ಕೇಳಿಬರುವುದು ಮನೆಯಲ್ಲಿ ತಾಯಿ ಆಡುವ ಮಾತೇ. ನಮ್ಮ ಮಗುವಿಗೆ ಅದು ಮಂತ್ರ.

ನಾವು ಮುಂದಿನ ವಾರ ಹೋದಾಗ ಇದನ್ನು ಪರೀಕ್ಷಿಸಿ ನೋಡಿದೆವು. ಫೋಂದ್ಯು ಮಾಡಿ ತೋರಿಸೆಂದಾಗ ಮಗು ಮೂರು ಎಣಿಸಿ ಮಂಡಿಯನ್ನು ಬಾಗಿಲಿನ ಚಿಲಕದಂತೆ ಮಡಿಸಿದಳು. “ಅದರ ಅರ್ಥ ಕರಗಿದ್ದು ಎಂದು. ಬಿಸಿ ಬಾಣಲೆಯ ಮೇಲೆ ಬೆಣ್ಣೆ ಹೇಗೆ ಕರಗುತ್ತದೆ, ನೋಡಿದೀಯಲ್ಲ?” ಎಂದೆವು. ಒಂದು ಕ್ಷಣ ಯೋಚಿಸಿ ಮತ್ತೆ ಮಾಡಿದಳು. ಈ ಸಲ ಎಣಿಸಲಿಲ್ಲ. ನಾವು ನೃತ್ಯ ಬಲ್ಲವರಲ್ಲ, ಆದರೂ ಮೊದಲಿನದಕ್ಕೂ ಇದಕ್ಕೂ ಇದ್ದ ಅಂತರ ಯಾರಿಗಾದರೂ ಕಾಣುವಂತಿತ್ತು.

ಹೆಸರುಗಳಲ್ಲಿ ಪ್ರಾಣಿಗಳೂ ಇವೆ. ಅಜ್ಜಿಯ ಪಾದಶಾ ಎಂದರೆ ಬೆಕ್ಕಿನ ಹೆಜ್ಜೆ: ಪಕ್ಕಕ್ಕೆ ನೆಗೆಯುತ್ತ ಒಂದಾದಮೇಲೊಂದು ಮಂಡಿಯನ್ನು ಮಡಿಚಿ ಮೇಲೆತ್ತಿ, ಸದ್ದಿಲ್ಲದೆ ಇಳಿಯುವುದು. (ಇಲ್ಲಿಯ ‘ಪಾ’ದಲ್ಲಿ ನಮ್ಮ ಪಾದವನ್ನು ಕಾಣುವ ಆಸೆ ನಮಗೂ ಆಯಿತು. ಆದರೆ ಪಾದಕ್ಕೆ ನಿಜವಾದ ನೆಂಟ ಫ್ರೆಂಚಿನ ‘ಪಿಯೆ’; ‘ಪಾ’ ಬೇರೆ ಮನೆತನದ್ದು.) ಕಾಬ್ರಿಯೋಲ್ ಎಂಬುದರಲ್ಲಿ ಇಟಲಿಯ ಆಡು ಕುಪ್ಪಳಿಸುತ್ತಿದೆ. ಇವೆರಡೂ ನೇರವಾದ ಹೆಸರುಗಳು. ಆಂತ್ರಶಾ ಮಾತ್ರ ಮೋಸಗಾರ ಮಾತು. ಹಾರಿದಾಗ ಗಾಳಿಯಲ್ಲಿ ಎರಡೂ ಕಾಲುಗಳನ್ನು ಹಿಂದುಮುಂದಾಗಿ ಬೇಗಬೇಗ ಹೆಣೆಯುವುದಕ್ಕೆ ಈ ಹೆಸರು. ಫ್ರೆಂಚಿನಲ್ಲಿ ಬರೆದು ನೋಡಿದರೆ ಇದರ ಕೊನೆಯಲ್ಲಿಯೂ ಬೆಕ್ಕು ಕುಳಿತಂತೆ ಕಾಣುತ್ತದೆ. ನಿಜಕ್ಕೂ ಅಲ್ಲಿ ಬೆಕ್ಕಿಲ್ಲ. ಇಟಲಿಯವರು ಇದನ್ನು ‘ಹೆಣೆದ ನೆಗೆತ’ ಎನ್ನುತ್ತಿದ್ದರು. ಹೆಣೆದದ್ದು ಎಂಬುದಕ್ಕೆ ಅವರ ಮಾತು ‘ಇಂತ್ರೆಚ್ಚಾತಾ’. ಪರಭಾಷೆಯ ಮಾತು ಫ್ರೆಂಚರ ಕಿವಿಗೆ ಬಿದ್ದು, ತಮಗೆ ಗೊತ್ತಿದ್ದ ಶಬ್ದದ ರೂಪ ತಾಳಿತು. ಜೆತೆ ನಮ್ಮ ಅಜ್ಜಿಯ ಕಿವಿಯಲ್ಲಿ ಜತೆಯಾದದ್ದೂ ಹೀಗೆಯೇ ಅಲ್ಲವೆ? ಹದಿನೆಂಟನೆಯ ಶತಮಾನದಲ್ಲಿ ಮರಿ ಕಮಾರ್ಗೊ ಎಂಬ ನರ್ತಕಿ ಈ ಹೆಣಿಗೆ ಜನರಿಗೆ ಕಾಣಲೆಂದು ತನ್ನ ಲಂಗವನ್ನು ಕಣಕಾಲಿನ ಮೇಲಕ್ಕೆ ಏರಿಸಿಕೊಂಡಳು. ಪ್ಯಾರಿಸಿನ ಮಡಿವಂತರು ಬಹಳ ಗದ್ದಲ ಮಾಡಿದರು.

ಇನ್ನು ತಿರುಗುವಿಕೆ. ಬ್ಯಾಲೆ ನೋಡಲು ಹೋದವರು ಚಪ್ಪಾಳೆ ತಟ್ಟುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಒಂಟಿಕಾಲಿನ ಮೇಲೆ ನಿಂತ ಕಡೆಯಲ್ಲೇ ತಿರುಗುವುದಕ್ಕೆ ಪಿರುಯೆತ್ ಎನ್ನುತ್ತಾರೆ. ಹಳೆಯ ಫ್ರೆಂಚಿನಲ್ಲಿ ಹಾಗೆಂದರೆ ಮಕ್ಕಳು ಆಡುವ ಬುಗುರಿ. ಇದನ್ನು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಮಗುವಿಗೆ ಹೇಳಿದೆವು: “ಪಿರುಯೆತ್ ಅಂದರೆ ಬುಗುರಿ ಕಣಮ್ಮ.” ಅವಳು ಕೇಳಿದಳು: “ಬುಗುರಿ ಅಂದರೆ ಏನು ಮಾಮ?”

ಅಜ್ಜಿ ಒಳಗಿನಿಂದ ಬಂದು ನಿಂತರು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಾತ ಕೈಯಲ್ಲಿ ಹುರಿ ಸುತ್ತಿ ಎಸೆಯುವ ಅಭಿನಯ ಮಾಡಿ ತೋರಿಸಿದಾಗ ಮಗುವಿಗೆ ಹೊಳೆಯಿತು: “ಓ, ಭೋವರಾ!” ಮರಾಠಿ ಮಾತು. ಶಾಲೆಯ ಗೆಳತಿಯರಿಂದ ಬಂದದ್ದು. ಬೇಸರಪಡಲು ಕಾರಣವಿತ್ತು, ಪಟ್ಟೆವು ಕೂಡ. ಆದರೆ ಮನೆಗೆ ಬಂದು ಯೋಚಿಸಿದಾಗ ಮಗು ತಿಳಿಯದೆಯೇ ಒಂದು ಒಳ್ಳೆಯ ಮಾತು ಆಡಿದ್ದಳೆಂದು ತೋರಿತು. ಭೋವರಾ ಎಂಬುದರ ಮೂಲ ಸಂಸ್ಕೃತದ ಭ್ರಮರ. ನಂದಿಕೇಶ್ವರನ ‘ಅಭಿನಯದರ್ಪಣ’ದಲ್ಲಿ ತಿರುಗುವ ಚಲನೆಗಳಿಗೆ ಭ್ರಮರಿ ಎಂದು ಹೆಸರಿಟ್ಟು, ಏಳು ಬಗೆ ಹೇಳಿದೆ, ಒಂಟಿಕಾಲಿನಲ್ಲಿ ತಿರುಗುವ ಏಕಪಾದಭ್ರಮರಿಯೂ ಅವುಗಳಲ್ಲಿ ಒಂದು. ಬುಗುರಿಗೂ ನರ್ತನದ ಸುತ್ತಿಗೂ ಒಂದೇ ಬೇರಿನ ಹೆಸರು ಫ್ರಾನ್ಸಿನಲ್ಲಿ ಮಾತ್ರ ಹುಟ್ಟಿದ್ದಲ್ಲ.

ಪಿರುಯೆತ್‌ಗೆ ಸಾಮಾನ್ಯವಾಗಿ ನಾಲ್ಕನೆಯ ಅಥವಾ ಐದನೆಯ ಸ್ಥಾನದಲ್ಲಿ ಮಂಡಿ ಬಗ್ಗಿಸಿ ನಿಂತು, ಒಂದು ಕಾಲಿನ ಮೇಲೆ ಮೇಲಕ್ಕೆದ್ದು, ಇನ್ನೊಂದರ ಬೆರಳನ್ನು ನಿಂತ ಕಾಲಿನ ಮಂಡಿಗೆ ತಾಗಿಸುತ್ತಾರೆ. ಎತ್ತಿದ ಕಾಲಿನ ದಿಕ್ಕಿಗೆ ತಿರುಗಿದರೆ ಆಂ ದೆಓರ್, ಹೊರಮುಖ. ನಿಂತ ಕಾಲಿನ ದಿಕ್ಕಿಗೆ ತಿರುಗಿದರೆ ಆಂ ದದಾಂ, ಒಳಮುಖ. ಚಾಚಿದ ಕೈಗಳನ್ನು ಎದೆಯ ಮುಂದಕ್ಕೆ ತಂದುಕೊಂಡಷ್ಟೂ ಸುತ್ತು ಬಿರುಸಾಗುತ್ತದೆ. ತಿರುಗುವ ಕುರ್ಚಿಯಲ್ಲಿ ಕುಳಿತು ಕೈ ಚಾಚಿ ಮಡಿಚಿ ನೋಡಿದವರಿಗೆ ಇದು ಗೊತ್ತು. ತಲೆ ಮೈಯೊಡನೆ ತಿರುಗಕೂಡದು. ಎದುರಿನ ಗೋಡೆಯ ಒಂದು ಗುರುತಿನಲ್ಲಿ ಕಣ್ಣು ನೆಟ್ಟು, ಮೈ ತಿರುಗಿದರೂ ಮುಖವನ್ನು ಅಲ್ಲಿಯೇ ನಿಲ್ಲಿಸಿ, ಇನ್ನು ಆಗದು ಎನ್ನುವಾಗ ಥಟ್ಟನೆ ತಿರುಗಿಸಿ ಮೈಗಿಂತ ಮೊದಲೇ ಗುರುತಿಗೆ ಹಿಂದಿರುಗಿಸಬೇಕು. ಹೊರಡುವಾಗ ತಲೆ ಕೊನೆಗೆ, ಬರುವಾಗ ತಲೆ ಮೊದಲು. ತಲೆಸುತ್ತು ಬಾರದಿರಲು ಇದೇ ಉಪಾಯ. ಕಥಕ್ಕಿನ ಚಕ್ಕರ್ ಹೊಡೆಯುವವರೂ ಇದನ್ನು ಬಲ್ಲರು. ಅವರು ಹಿಮ್ಮಡಿಯ ಮೇಲೆ ತಿರುಗುತ್ತಾರೆ, ಬ್ಯಾಲೆಯವರು ಮುಂಗಾಲಿನ ಮೇಲೆ, ನಮ್ಮ ಯಕ್ಷಗಾನದ ಮಂಡಿಕುಣಿತದವರು ಮಂಡಿಯ ಮೇಲೆ. ಮೂರರಲ್ಲಿ ಯಾವುದು ಕಷ್ಟವೆಂದು ತೀರ್ಮಾನಿಸಲು ನಮ್ಮ ಮಂಡಿಗಳಿಗೆ ಧೈರ್ಯವಿಲ್ಲ.

ಪಿಕೆ ಎಂಬ ಸುತ್ತಿನಲ್ಲಿ ನೆಟ್ಟಗಿನ ಕಾಲನ್ನು ಸೂಜಿ ಚುಚ್ಚಿದಂತೆ ನೆಲಕ್ಕೆ ಊರಿ ಅದರ ಮೇಲೇರಿ ತಿರುಗುತ್ತಾರೆ. ಹೆಸರೂ ಚುಚ್ಚಿದ್ದು ಎಂದೇ. ಶೆನೆ ಎಂದರೆ ಸರಪಳಿ: ಅರ್ಧರ್ಧ ಸುತ್ತನ್ನು ಕೊಂಡಿಗೆ ಕೊಂಡಿ ಹಾಕಿ ರಂಗದ ಉದ್ದಕ್ಕೂ ಸಾಗುವುದು. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಫುಯೆತೆ. ಹಾಗೆಂದರೆ ಚಾಟಿಯಲ್ಲಿ ಹೊಡೆದದ್ದು. ನಿಂತ ಕಾಲು ಸುತ್ತಿಗೊಮ್ಮೆ ಬಗ್ಗಿ ಏಳುತ್ತಿರುವಾಗ ಇನ್ನೊಂದು ಕಾಲು ಗಾಳಿಯಲ್ಲಿ ಚಾಚಿ, ಬೀಸಿ, ಮಂಡಿಗೆ ಬಂದು ಸೇರುತ್ತದೆ. ಆ ಬೀಸು ಮುಂದಿನ ಸುತ್ತಿಗೆ ಬೇಕಾದ ವೇಗ ಕೊಡುತ್ತದೆ. ಬುಗುರಿಗೆ ಚಾಟಿ ಬೇಕೆಂದು ನಮ್ಮ ಹಳ್ಳಿಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ೧೮೯೫ರಲ್ಲಿ ರಷ್ಯದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಹಂಸಸರೋವರ’ವನ್ನು ಹೊಸದಾಗಿ ಆಡಿದಾಗ ಮಿಲಾನಿನ ಪಿಯೆರಿನಾ ಲೆನ್ಯಾನಿ ಇಂಥ ಮೂವತ್ತೆರಡು ಸುತ್ತುಗಳನ್ನು ಒಂದೇ ಸಮನೆ ಹಾಕಿದಳು. ಎರಡು ವರ್ಷ ಮೊದಲು ‘ಸಿಂಡ್ರೆಲ್ಲಾ’ದಲ್ಲಿ ಅವಳು ಇದನ್ನೇ ತೋರಿಸಿ ಆ ನಗರದವರನ್ನು ಬೆರಗುಗೊಳಿಸಿದ್ದಳು. ರಷ್ಯದ ನರ್ತಕಿಯರು ಹಟ ಹಿಡಿದು ಅಭ್ಯಾಸ ಮಾಡಿದರು. ಅವರಲ್ಲಿ ಮೊದಲು ಗೆದ್ದವಳು ಮತಿಲ್ದಾ ಕ್ಷೆಸಿನ್ಸ್ಕಾಯ. ಅಂದಿನಿಂದ ಕಪ್ಪುಹಂಸದ ಪಾತ್ರದವಳು ರಂಗಕ್ಕೆ ಬಂದೊಡನೆ ಪ್ರೇಕ್ಷಕರು ಮನಸ್ಸಿನಲ್ಲಿಯೇ ಎಣಿಸಲು ಸಿದ್ಧರಾಗುತ್ತಾರೆ. ಇದು ಕಲೆಗೆ ಒಳ್ಳೆಯದಾಯಿತೆಂದು ನಾವು ಹೇಳಲಾರೆವು. ಸುತ್ತುಗಳನ್ನು ಎಣಿಸುವವನಿಗೆ ಹಂಸದ ಮೋಸ ಮರೆತುಹೋಗುತ್ತದೆ.

ಮಿಲಾನಿನವಳು ರಷ್ಯಕ್ಕೆ ಹೋಗಿ ಫ್ರೆಂಚ್ ಹೆಸರಿನ ಸುತ್ತು ಹಾಕಿದಳಲ್ಲ, ಹತ್ತೊಂಬತ್ತನೆಯ ಶತಮಾನದ ಬ್ಯಾಲೆಯ ಕಥೆಯೆಲ್ಲ ಅಷ್ಟರಲ್ಲಿಯೇ ಇದೆ. ೧೮೨೦ರಲ್ಲಿ ಇಟಲಿಯ ಕಾರ್ಲೊ ಬ್ಲಾಸಿಸ್ ನೃತ್ಯಶಾಸ್ತ್ರದ ಒಂದು ಮುಖ್ಯ ಗ್ರಂಥವನ್ನು ಮಿಲಾನಿನಲ್ಲಿಯೇ ಪ್ರಕಟಿಸಿದ, ಬರೆದದ್ದು ಮಾತ್ರ ಫ್ರೆಂಚಿನಲ್ಲಿ. ರಷ್ಯದಲ್ಲಿ ರಾಣಿ ಆನ್ನಾಳ ಕಾಲದಲ್ಲಿ, ೧೭೩೮ರಲ್ಲಿ, ಮೊದಲ ನೃತ್ಯಶಾಲೆ ತೆರೆದವನು ಲಾಂದೆ ಎಂಬ ಫ್ರೆಂಚ್ ಶಿಕ್ಷಕ. ‘ಹಂಸಸರೋವರ’ದ ೧೮೯೫ರ ರೂಪವನ್ನು ಲೆವ್ ಇವಾನೊವ್‌ನೊಡನೆ ಕಟ್ಟಿದ ಮರಿಯುಸ್ ಪೆತಿಪಾ ಮಾರ್ಸೇಲ್ಸಿನವನು, ೧೮೪೭ರಲ್ಲಿ ರಷ್ಯಕ್ಕೆ ಬಂದು ಅರ್ಧ ಶತಮಾನಕ್ಕೂ ಮಿಕ್ಕಿ ಅಲ್ಲಿದ್ದರೂ ರಷ್ಯನ್ ಭಾಷೆ ಅವನಿಗೆ ಕೊನೆಯವರೆಗೆ ಒಗ್ಗಲಿಲ್ಲ. ಇಷ್ಟಾಗಿಯೂ ಕ್ರಾಂತಿಯ ಬಳಿಕ ಅರಮನೆಯ ಫ್ರೆಂಚ್ ನಮಗೇಕೆ ಎಂಬ ಪ್ರಶ್ನೆ ಸೋವಿಯೆತ್ ರಷ್ಯದಲ್ಲಿ ಏಳದೆ ಇರಲಿಲ್ಲ. ಲೆನಿನ್‌ಗ್ರಾದಿನ ಮಹಾಶಿಕ್ಷಕಿ ಅಗ್ರಿಪ್ಪೀನಾ ವಗಾನೊವಾ ೧೯೩೪ರಲ್ಲಿ ಹೊರತಂದ ಪಾಠಪುಸ್ತಕದಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದಾಳೆ: ವೈದ್ಯಕ್ಕೆ ಲ್ಯಾಟಿನ್ ಹೇಗೋ ನಮಗೆ ಫ್ರೆಂಚ್ ಹಾಗೆ, ಎಲ್ಲ ದೇಶದವರಿಗೂ ತಿಳಿಯುವ ಮಾತನ್ನು ಬಿಡಲಾಗದು. ಮಾತು ಒಂದೇ ಆದರೂ ಮನೆ ಮನೆಗೆ ವ್ಯತ್ಯಾಸವಿಲ್ಲದೆ ಇಲ್ಲ. ಒಂಟಿಕಾಲಿನಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ನೀಳವಾಗಿ ಚಾಚುವ ಅರಬೆಸ್ಕ್ ಭಂಗಿಯನ್ನು ವಗಾನೊವಾಳ ಪದ್ಧತಿಯವರು ನಾಲ್ಕಾಗಿ ಎಣಿಸಿದರೆ ಇಟಲಿಯ ಚೆಕ್ಕೆತ್ತಿಯ ಪದ್ಧತಿಯವರು ಐದಾಗಿ ಎಣಿಸುತ್ತಾರೆ. ಸರಪಳಿಯ ಸುತ್ತನ್ನು ಫ್ರೆಂಚರೇ ಶೆನೆ ಎನ್ನುವುದಕ್ಕಿಂತ ದೆಬುಲೆ, ಉರುಳಿದ್ದು, ಎನ್ನುವುದು ಹೆಚ್ಚು.

ಈ ಕಲೆಗೆ ನಮ್ಮ ನಾಡಿನ ನಂಟು ಇಲ್ಲದಿಲ್ಲ. ೧೮೩೮ರಲ್ಲಿ ಪುದುಚೇರಿಯ ಬಳಿಯ ದೇವದಾಸಿಯರ ಒಂದು ತಂಡ ಪ್ಯಾರಿಸಿಗೆ ಹೋಗಿ ಕುಣಿದಿತ್ತು. ಅಂಥವರಿಗೆ ಫ್ರೆಂಚರು ಇಟ್ಟ ಹೆಸರು ಬಯದೇರ್; ಕುಣಿಯುವವಳು ಎಂಬ ಪೋರ್ಚುಗೀಸ್ ಮಾತಿನಿಂದ ಬಂದದ್ದು, ಬೇರು ಹುಡುಕಿದರೆ ಬ್ಯಾಲೆಗೆ ತಂಗಿ. ಪೆತಿಪಾ ೧೮೭೭ರಲ್ಲಿ ‘ಲಾ ಬಯದೇರ್’ ಎಂಬ ಬ್ಯಾಲೆಯನ್ನೇ ಕಟ್ಟಿದ. ಅದರಲ್ಲಿ ಗೋಲ್ಕೊಂಡದ ರಾಜ ಬರುತ್ತಾನೆ. ಹೈದರಾಬಾದಿನ ನಮ್ಮ ಕನ್ನಡ ಬಂಧುಗಳು ಆ ಗೋಲ್ಕೊಂಡವನ್ನು ನೋಡಿದರೆ ಗುರುತು ಹಿಡಿಯಲಾರರು. ಆನ್ನಾ ಪಾವ್ಲೊವಾ ೧೯೨೩ರಲ್ಲಿ ಉದಯಶಂಕರನನ್ನು ಜೊತೆಗಿಟ್ಟುಕೊಂಡು ಲಂಡನ್ನಿನಲ್ಲಿ ರಾಧಾಕೃಷ್ಣರ ಕಥೆಯನ್ನು ಕುಣಿದಳು. ಅವಳ ತಂಡದ ನರ್ತಕಿಯಿಂದ ಬ್ಯಾಲೆ ಕಲಿಯುತ್ತಿದ್ದ ರುಕ್ಮಿಣೀದೇವಿಯವರಿಗೆ, ನಿಮ್ಮ ದೇಶದ ಕಲೆಯನ್ನೇ ಹುಡುಕಿರೆಂದು ಹೇಳಿದವಳೂ ಅವಳೇ. ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲರು ೧೯೬೦ರಲ್ಲಿ ಅಲಿಸಿಯಾ ಮಾರ್ಕೊವಾಳೊಡನೆ ‘ರಾಧಾಕೃಷ್ಣ’ವನ್ನು ಆಡಿದರು. ಆಕೆ ಲಂಡನ್ನಿನ ಹುಡುಗಿ, ಮನೆಯ ಹೆಸರು ಮಾರ್ಕ್ಸ್. ಬ್ಯಾಲೆಗೆ ಬಂದಾಗ ಹೆಸರನ್ನು ರಷ್ಯನ್ ಮಾಡಿಕೊಂಡಿದ್ದಳು. ಬೋಜ್ವಾಯೋ ಮಾಡಿದ ಕೆಲಸವನ್ನೇ ಮುನ್ನೂರ ಐವತ್ತು ವರ್ಷದ ಮೇಲೆ ಇವಳೂ ಮಾಡಿದಳು. ಆಗ ಮಾರುಕಟ್ಟೆಯ ದಿಕ್ಕು ಬದಲಾಗಿತ್ತು, ಅಷ್ಟೆ. ಬ್ಯಾಲೆ ಎಂಬ ಮಾತನ್ನು ಕನ್ನಡದ ರಂಗಕ್ಕೆ ತಂದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಮಾತನ್ನು ಕಡೆಗೆ ತಗುಲಿಸಿ ಯಕ್ಷಗಾನದ ಹೆಜ್ಜೆಗಳಲ್ಲಿಯೇ ಕಥೆ ಹೇಳುವ ‘ಯಕ್ಷಗಾನ ಬ್ಯಾಲೆ’ಯನ್ನು ಅವರು ರೂಪಿಸಿದರು.

ಆ ಹೆಜ್ಜೆಗಳಿಗೂ ಹೆಸರುಗಳಿವೆ. ಗಾಳಿಯಲ್ಲಿ ಸುತ್ತುತ್ತ ಹಾರುವ ಧೀಂಗಿಣ ಎಂಬ ಮಾತಿನಲ್ಲಿ ಚೆಂಡೆಯೇ ಕೇಳಿಸುತ್ತದೆ. ಭರತನಾಟ್ಯದ ಮೊದಲ ಪಾಠ ತಟ್ಟಡವು. ‘ತಟ್ಟು’ ಎಂಬುದು ಕನ್ನಡಿಗನಿಗೆ ಬಿಡಿಸಿ ಹೇಳಬೇಕಾದ ಮಾತೇ ಅಲ್ಲ. ಫ್ರಾಪೆ ಎಂದರೂ ಅದೇ. ಆರ್ಬೋನ ಹಸು, ಬಾಣಲೆಯ ಸೋತೆ, ನಮ್ಮ ತಟ್ಟು, ಇವೆಲ್ಲ ಒಂದೇ ಜಾತಿಯ ಹೆಸರುಗಳು. ಕಲಿಸುವವನು ಕೂಗಿ ಹೇಳಿದೊಡನೆ ಕಾಲಿಗೆ ಅರ್ಥವಾಗುವಂಥವು. ಶಾಸ್ತ್ರಗ್ರಂಥಗಳಲ್ಲಿ ನಾವು ಇಂಥವನ್ನು ಬಿಟ್ಟು ಸಂಸ್ಕೃತದ ಉದ್ದುದ್ದ ಹೆಸರು ಹುಡುಕುತ್ತೇವೆ. ಫ್ರೆಂಚರು ಕೊಟ್ಟಿಗೆಯ ಹೆಸರನ್ನೇ ಅಚ್ಚು ಹಾಕಿಸಿದರು.

ಆ ಮಗುವಿಗೆ ಫ್ರೆಂಚ್ ಹೆಸರು ಬಿಡೆಂದು ನಾವು ಹೇಳಲಿಲ್ಲ. ವಗಾನೊವಾಳ ಮಾತು ಸರಿ. ನಾಳೆ ಅವಳು ಬೇರೆ ದೇಶದ ತರಗತಿಯಲ್ಲಿ ನಿಂತರೂ ಅದೇ ಮಾತು ನಡೆಯುತ್ತದೆ. ಆದರೆ ಅವಳ ನೋಟುಪುಸ್ತಕದಲ್ಲಿ ಫ್ರೆಂಚಿನ ಪಕ್ಕಕ್ಕೆ ಒಂದು ಗೆರೆ ಎಳೆದು ಕನ್ನಡದ ಸಾಲು ತೆರೆದೆವು. ಅಕ್ಷರ ಅಜ್ಜಿ ತಿದ್ದುತ್ತಾರೆ. ಬಗ್ಗಿದ್ದು, ಚಾಚಿದ್ದು, ಕರಗಿದ್ದು, ಎಸೆದದ್ದು. ಪಿರುಯೆತ್‌ನ ಎದುರಿಗೆ ಬುಗುರಿ ಎಂದು ಬರೆದು, ಅದರ ಕೆಳಗೆ ಮಗು ತಾನಾಗಿಯೇ ಭೋವರಾ ಎಂದೂ ಸೇರಿಸಿದ್ದಾಳೆ. ಅದನ್ನು ಅಜ್ಜಿ ಹೊಡೆದುಹಾಕಲಿಲ್ಲ.

ಬೆಕ್ಕಿನ ಹೆಜ್ಜೆಯ ವಿಷಯದಲ್ಲಿ ಮಾತ್ರ ತಕರಾರು ಇನ್ನೂ ಮುಗಿದಿಲ್ಲ. ಮೊನ್ನೆ ನಾವು ಕುಳಿತಿರುವಾಗಲೇ ಮಗು ಅದನ್ನು ಆರು ಸಲ ಹಾರಿದಳು. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಅಜ್ಜಿ ಅವರನ್ನು ಸಮಾಧಾನ ಮಾಡಿ ಕಳಿಸಿ, ಒಳಗೆ ಬಂದು, “ಪುಸ್ತಕದಲ್ಲಿ ತಿದ್ದಿಬಿಡಿ ಇವರೇ, ಇದು ಬೆಕ್ಕಲ್ಲ, ಎಮ್ಮೆ” ಎಂದರು. ಮಗು ಮುಖ ಊದಿಸಿಕೊಂಡು ಕಿಟಕಿಯ ಬಳಿ ಹೋಗಿ, ಮತ್ತೆ ಪ್ಲಿಯೆಯಿಂದ ಆರಂಭಿಸಿದಳು.